ಹಗರೆಯಿಂದ ಹೊರಟ ತೊಟ್ಟಿಲು

ಬೆಳಗಿನ ಆರು ಗಂಟೆ. ಹಗರೆಯ ಯಶೋಧರಾ ಅವರ ಮನೆ ಮುಂದಿನ ಹಗ್ಗದ ತುಂಬ ಅಂಗೈಯಗಲದ ಅಂಗಿಗಳು, ಕುಲಾವಿಗಳು, ಪುಟಾಣಿ ಸ್ವೆಟರುಗಳು. ಹೊಸಬರು ನೋಡಿದರೆ ಈ ಮನೆಯಲ್ಲಿ ಎಷ್ಟು ಮಕ್ಕಳಪ್ಪಾ ಎಂದು ಗಾಬರಿಯಾಗಬೇಕು. ಇರುವುದು ಒಬ್ಬಳೇ ಮಗಳು, ನಾಲ್ಕನೇ ಕ್ಲಾಸಿನ ಸುಜಾತ. ಯಶೋಧರಾ ಮಾತ್ರ ಈ ಹೊತ್ತು ಬಟ್ಟೆಗಳ ಕಡೆ ತಿರುಗಿಯೂ ನೋಡುತ್ತಿಲ್ಲ. ಜಗಲಿಯಲ್ಲಿ ಕೂತು ಹಲಸಿನ ಮರದ ತೊಟ್ಟಿಲೊಂದಕ್ಕೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದಾರೆ.

"ಇವತ್ತು ಕೈ ಕಾಲು ಒಂದ್ಕಡೆ ನಿಲ್ತಿಲ್ಲ ಸಾರ್," ಎಂದು ನಗುತ್ತಾರೆ. ಅವರ ಬಗ್ಗೆ ಬರೆಯಲು ಬಂದಿರುವ ನನಗೂ ಹಾಗೇ ಆಗಿದೆ, ಹೇಳಿಕೊಂಡಿಲ್ಲ ಅಷ್ಟೇ.

ಯಶೋಧರಾ ಅಂಗನವಾಡಿ ಸಹಾಯಕಿ. ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವ, ಮೂಗು ಒರೆಸುವ ಕೆಲಸ ಮುಗಿದ ಮೇಲೆ ಅವರ ಇನ್ನೊಂದು ಕೆಲಸ ಶುರು. ಒಂದು ಮನೆಯ ಮಗುವಿಗೆ ಗಿಡ್ಡವಾದ ಬಟ್ಟೆ, ಬಿಗಿಯಾದ ಶೂ, ಬೇಡವಾದ ವಾಕರ್, ಮೂರು ಗಾಲಿಯ ಸೈಕಲ್ಲು ಇವನ್ನೆಲ್ಲ ತಂದು, ಬಿಸಿನೀರಲ್ಲಿ ಒಗೆದು, ಸಾಂಬ್ರಾಣಿ ಹೊಗೆ ಕೊಟ್ಟು, ಇನ್ನೊಂದು ಮನೆಗೆ ದಾಟಿಸುತ್ತಾರೆ. ಹಗರೆ, ಮಾದಿಹಳ್ಳಿ, ಹಳೇಬೀಡು ಸುತ್ತಿನ ಹದಿನಾಲ್ಕು ಊರು, ಆಚೆ ಜಾವಗಲ್‌ವರೆಗೆ. ದಿನಕ್ಕೆ ಎರಡು ಚೀಲ ಬರುತ್ತವೆ, ಎರಡು ಹೋಗುತ್ತವೆ. ಕಳೆದ ವರ್ಷ ಇನ್ನೂರಕ್ಕೂ ಹೆಚ್ಚು ಮಕ್ಕಳ ಮೈಮೇಲೆ ಇವರು ಒಗೆದ ಬಟ್ಟೆಯಿತ್ತು.

ಒಂಬತ್ತು ವರ್ಷದ ಹಿಂದೆ ಸುಜಾತ ಹುಟ್ಟಿದ್ದು ಪುಷ್ಯದ ಚಳಿಯಲ್ಲಿ. ಮನೆಯಲ್ಲಿ ಹೊದಿಸಲು ಹಳೇ ಪಂಚೆ ಬಿಟ್ಟರೆ ಏನೂ ಇರಲಿಲ್ಲ. ಅಂಗನವಾಡಿ ಟೀಚರ್ ಮೀನಾಕ್ಷಿ ತಮ್ಮ ಮಗನ ಸ್ವೆಟರ್ ತಂದು ತೊಡಿಸಿದರು. "ಆ ಸ್ವೆಟರ್ ಗಿಡ್ಡ ಆದ್ಮೇಲೆ ಪಕ್ಕದ ಊರಿಗೆ ಕೊಟ್ಟೆ. ಅಲ್ಲಿಂದ ಹಿಡ್ಕತು ನೋಡಿ ಈ ಹುಚ್ಚು!"

ಮೊದಮೊದಲು ಚೀಲ ಹಿಡಿದು ಹೋದರೆ ಜನ ಬೈದರು. "ನಾವೇನು ತಿರುಪೆ ಎತ್ತೋರಾ?" ಎಂದು ಬಾಗಿಲು ಹಾಕಿದವರೂ ಉಂಟು. ಅದಕ್ಕೇ ಒಂದು ಕಟ್ಟಳೆ ಮಾಡಿಕೊಂಡರು: ಕೊಡದೆ ತೆಗೆದುಕೊಳ್ಳುವಂತಿಲ್ಲ. ಒಂದು ಕುಲಾವಿಯಾದರೂ ಸರಿ, ಮೊದಲು ಅವರ ಮನೆಯಿಂದ ಈಸಿಕೊಂಡು ಆಮೇಲೆ ಇವರು ಚೀಲ ಬಿಚ್ಚುತ್ತಾರೆ. ಕೊಟ್ಟ ಕೈಗೆ ತೆಗೆದುಕೊಳ್ಳಲು ನಾಚಿಕೆಯಿಲ್ಲ. ಎಂಥ ಬುದ್ಧಿವಂತಿಕೆ ನೋಡಿ!

ಹಸುಗೂಸಿಗೆ ಮೊದಲು ಹಳೇ ಬಟ್ಟೆಯನ್ನೇ ತೊಡಿಸುವುದು ಈ ಕಡೆಯ ರೂಢಿ. ಹಿಂದೆ ತೊಟ್ಟ ಮಗುವಿನ ಗುಣ ಬಟ್ಟೆಯಲ್ಲಿ ಬರುತ್ತದೆಂಬ ನಂಬಿಕೆ ಬೇರೆ. ಹಾಗಾಗಿ ಅಜ್ಜಿಯರು ಬಟ್ಟೆ ಹರಿದಿದೆಯೇ ಎಂದು ನೋಡುವುದಕ್ಕಿಂತ ಮುಂಚೆ, ಆ ಮಗು ಹಠಮಾರಿಯೇ, ಚೆನ್ನಾಗಿ ಹಾಲು ಕುಡಿಯುತ್ತಿತ್ತೇ ಎಂದು ವಿಚಾರಿಸುತ್ತಾರೆ. ಯಶೋಧರಾ ಅದಕ್ಕೆಲ್ಲ ಬಾಯಲ್ಲೇ ಉತ್ತರ ಇಟ್ಟುಕೊಂಡಿದ್ದಾರೆ.

ಒಂದು ಪ್ರಶ್ನೆಗೆ ಮಾತ್ರ ಉತ್ತರವಿಲ್ಲ: ಯಾರ ಮನೆಯದು? "ಮಗೀಂದು ಅಂತೀನಿ, ಅಷ್ಟೇಯ." ಇವರ ಮನೆಯಿರುವುದು ದಲಿತ ಕೇರಿಯಲ್ಲಿ. ಯಾವ ಕೇರಿಯ ಬಟ್ಟೆ ಯಾವ ಕೇರಿಗೆ ಹೋಯಿತು ಎಂದು ಬಾಯಿಬಿಟ್ಟರೆ ಚೀಲಗಳು ಅರ್ಧ ದಾರಿಯಲ್ಲೇ ನಿಲ್ಲುತ್ತವೆಂಬ ಭಯ. ಸುಜಾತಳ ಬಟ್ಟೆಗಳೂ ಹೀಗೆಯೇ ಹೆಸರಿಲ್ಲದೆ ಊರೂರಿಗೆ ಹೋದವು. ಆದರೆ ಮಾವ ಕರಿಯಯ್ಯ ಹಲಸಿನ ಮರ ಕೊಯ್ಯಿಸಿ ಮಾಡಿಸಿದ ತೊಟ್ಟಿಲು ಅಟ್ಟದಲ್ಲೇ ಉಳಿಯಿತು. ಯಾರೂ ಕೇಳಲಿಲ್ಲ.

ಮೊದಲ ಸಲ ಕೇಳಿದವರು ಮಾದಿಹಳ್ಳಿಯ ಮೇಲುಕೇರಿಯ ಬಿಂದುಶ್ರೀ. ಹೆರಿಗೆಗೆಂದು ತವರಿಗೆ ಬಂದ ಹೊಸದರಲ್ಲಿ ಯಶೋಧರಾ ಮನೆಗೆ ಬಟ್ಟೆಗೆಂದು ಬಂದಾಗ ಅಟ್ಟದತ್ತ ನೋಡಿ, "ಅಕ್ಕಾ, ನಾಮಕರಣಕ್ಕೆ ಅದು ನಂಗೇ ಬೇಕು," ಅಂದಿದ್ದರು. ಆ ನಾಮಕರಣ ಇವತ್ತು. ಬಿಂದುಶ್ರೀಯ ಅಜ್ಜಿ ಹುಚ್ಚಮ್ಮನಿಗೆ ತೊಟ್ಟಿಲು ಯಾರದೆಂದು ಗೊತ್ತಿಲ್ಲ. ಕೇಳಿದರೆ ನಿಜ ಹೇಳಿಬಿಡುವುದೆಂದು ಯಶೋಧರಾ ತೀರ್ಮಾನಿಸಿದ್ದಾರೆ.

"ಸುಮ್ಕಿರೇ. ತಿರುಗಿಸಿ ಕಳಿಸಿದ್ರೆ? ನಾಳೆಯಿಂದ ಒಂದೊಂದು ಕುಲಾವಿಗೂ ಯಾರದು ಅಂತಾರೆ. ಒಂಬತ್ತು ವರ್ಷದ ಕೆಲ್ಸ ಮಣ್ಣಾಯ್ತದೆ," ಎಂದು ಗಂಡ ಧರ್ಮೇಶ್ ರೇಗುತ್ತಾರೆ. ಲಗೇಜ್ ಆಟೊ ಓಡಿಸುವ ಅವರ ಮಾತು ಸುಳ್ಳೇನಲ್ಲ.

"ಬಟ್ಟೆ ಆದ್ರೆ ಸುಮ್ಕಿರ್ತಿದ್ದೆ ಕಣ್ರೀ. ಮಾವನ ತೊಟ್ಲಿಗೂ ಹೆಸರು ಬ್ಯಾಡ್ವಾ?"

ಹತ್ತು ಗಂಟೆಗೆ ಮಾದಿಹಳ್ಳಿ. ಹಜಾರದ ತುಂಬ ನೆಂಟರು. ತೊಟ್ಟಿಲು ಇಳಿಸಿದ ಧರ್ಮೇಶ್ ಆಟೊದ ಎಂಜಿನ್ ಆರಿಸಿಯೇ ಇಲ್ಲ. ಹುಚ್ಚಮ್ಮ ಬಂದು, ಬೆರಳಿನಿಂದ ಮರ ತಟ್ಟಿ ನೋಡಿ, ಕೇಳಿಯೇಬಿಡುತ್ತಾರೆ: "ಭೇಷಾಗೈತೆ. ಯಾರ ಮನೇದೇ?"

"ನಮ್ಮನೇದು ಕಣಜ್ಜಿ. ನಮ್ಮ ಮಾವ ಮಾಡಿಸಿದ್ದು. ನನ್ನ ಮಗಳು ಮಲಗಿದ್ದು."

ನೆಂಟರೆಲ್ಲ ತೊಟ್ಟಿಲು ಬಿಟ್ಟು ಹುಚ್ಚಮ್ಮನ ಕಡೆ ತಿರುಗುತ್ತಾರೆ. ಹುಚ್ಚಮ್ಮನ ಸೊಸೆ ಸಾವಿತ್ರಮ್ಮ, "ಬ್ಯಾಡ ಬುಡಿ ಅತ್ತೆ, ಸೀರೇಲೇ ಜೋಲಿ ಕಟ್ಟಾನ," ಎನ್ನುತ್ತಾರೆ. ಮೂಲೆಯಲ್ಲಿ ಬಿಂದುಶ್ರೀಯ ಮುಖ ಕೆಂಪಾಗುತ್ತದೆ.

ಅಜ್ಜಿ ಕೇಳುವುದೇ ಬೇರೆ. "ನಿನ್ನ ಮಗಳು ರಾತ್ರಿ ಎದ್ದು ಹಠ ಮಾಡ್ತಿತ್ತಾ?"

"ಇಲ್ಲಜ್ಜಿ. ಹಾಲು ಕುಡಿದು ಮಲಗಿದ್ರೆ ಬೆಳಗಾಗೋಗಂಟ ಅಲ್ಲಾಡ್ತಿರ್ಲಿಲ್ಲ."

"ಇವನು ಹುಟ್ಟಿದ್ ದಿನದಿಂದ ಮನೇಲಿ ಯಾರಿಗೂ ನಿದ್ದೆ ಕೊಟ್ಟಿಲ್ಲ ಕಣೇ! ಏನ್ ನೋಡ್ತಾ ನಿಂತಿದೀರಿ, ಕಟ್ಟಿ ತೊಟ್ಲಾ!"

ಹಜಾರವೆಲ್ಲ ನಗು. ಸಾವಿತ್ರಮ್ಮ ಮುಖ ಊದಿಸಿಕೊಂಡು ಅಡುಗೆಮನೆ ಸೇರುತ್ತಾರೆ. ಸಂಪ್ರದಾಯದಂತೆ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗಿ, ಆಮೇಲೆ ಕೂಸನ್ನು ಮಲಗಿಸುತ್ತಾರೆ. ಅದು ಎರಡು ಸಲ ಕಾಲು ಒದ್ದು, ಆಕಳಿಸಿ, ಅಷ್ಟು ಜನರ ಗದ್ದಲದಲ್ಲೂ ನಿದ್ದೆ ಹೋಗುತ್ತದೆ. ಯಶೋಧರಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿದ್ದೇವೆ. ಮುಂದೇನು ಆಸೆ ಎಂದು ಕೇಳುವಷ್ಟರಲ್ಲಿ ಅವರ ಫೋನು ಹೊಡೆದುಕೊಳ್ಳುತ್ತದೆ. ಜಾವಗಲ್‌ನ ಬಸುರಿಯೊಬ್ಬಳಿಗೆ ತೊಟ್ಟಿಲು ಬೇಕಂತೆ.

"ಐತೆ ಕಣವ್ವ, ಆರು ತಿಂಗಳು ಕಾಯ್ಬೇಕು. ಈಗ ಅದ್ರಲ್ಲಿ ಮಾದಿಹಳ್ಳಿ ಹುಚ್ಚಮ್ಮನ ಮರಿಮಗ ಮಲಗವ್ನೆ." ಆ ಕಡೆಯಿಂದ ಏನೋ ಕೇಳುತ್ತಾರೆ. ಯಶೋಧರಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳುತ್ತಾರೆ:

"ಯಾರದಾ? ಹಗರೆ ಕರಿಯಯ್ಯನ ಮನೇದು!"