ಹಲಗೇರಿ ರಸ್ತೆಯ ಹಂಪು

ನಮ್ಮ ಮನೆ ರಾಣೆಬೆನ್ನೂರಿನ ಹಲಗೇರಿ ರಸ್ತೆಯ ಮೇಲೆಯೇ ಇತ್ತು. ಬಾಗಿಲು ತೆರೆದರೆ ಬೀಜದ ಲಾರಿ, ಆಟೋ, ಬಸ್ಸುಗಳ ಗದ್ದಲ. ಮೊಬೈಲು ಇನ್ನೂ ಮನೆಮನೆಗೆ ಬಂದಿರಲಿಲ್ಲ. ಕಾಗಿನೆಲೆಗೆ ಹೋಗಿದ್ದ ನನ್ನ ಅಕ್ಕ ಬರುವ ಹೊತ್ತಾಯಿತೆಂದು ಆ ಸಂಜೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಅಕ್ಕ ಎದುರುಗಡೆ ಬಸ್ಸಿಳಿದು, ನಿಂತ ಬಸ್ಸಿನ ಮುಂದಿನಿಂದ ರಸ್ತೆ ದಾಟಲು ಹೊರಟಳು. ಬಸ್ಸನ್ನು ಹಿಂದೆ ಹಾಕಿ ಬಂದ ಲಾರಿ ಆಕೆಗೆ ಕಾಣಲಿಲ್ಲ. ಲಾರಿಯವನಿಗೆ ಆಕೆಯೂ ಕಾಣಲಿಲ್ಲ. ಅವ್ವನಿಗೆ ಎಲ್ಲವೂ ಕಂಡಿತು.

ಅಕ್ಕನ ತಿಥಿಕರ್ಮ ಮುಗಿದ ಮೇಲೆ ಓಣಿಯ ಗಂಡಸರು ಯಾರನ್ನೂ ಕೇಳದೆ ಆ ಜಾಗದಲ್ಲೊಂದು ಹಂಪು ಹಾಕಿದರು. ಕಲ್ಲು, ಮಣ್ಣು, ಮೇಲೆ ಎಲ್ಲಿಂದಲೋ ತಂದ ಡಾಂಬರು. ಅಳತೆ ಗಿಳತೆ ಏನೂ ಇಲ್ಲ, ಸೊಂಟ ಮುರಿಯುವಂಥ ದಿಬ್ಬ. ಹಿಂದಿನ ಸೀಟಿನವರ ತಲೆ ಬಸ್ಸಿನ ಟಾಪಿಗೆ ಬಡಿಯುತ್ತಿತ್ತು. ಬೈಗುಳಗಳು ನೇರ ನಮ್ಮ ಪಡಸಾಲೆಗೇ ಬಂದು ಬೀಳುತ್ತಿದ್ದವು. ನನಗೆ ಸಿಟ್ಟು ಬರುತ್ತಿತ್ತು. ಅವ್ವ ಮಾತ್ರ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಹೇಳುತ್ತಿದ್ದಳು: "ಬೈಲಿ ಬಿಡವಾ. ಬೈಯಾಕಾದ್ರೂ ನಿಧಾನ ಆಗ್ತಾರಲ್ಲ."

ಗಾಡಿ ನಿಧಾನವಾದಾಗಲೆಲ್ಲ ಕೈ ನಿಲ್ಲಿಸಿ ತಲೆಯೆತ್ತಿ ನೋಡುತ್ತಿದ್ದಳು, ಯಾರೋ ಇಳಿಯುವವರಿದ್ದಾರೆ ಎಂಬಂತೆ. ಆ ನೋಟಕ್ಕೆ ನನಗೆ ಹೆದರಿಕೆಯಾಗುತ್ತಿತ್ತು. ಹೆದರುತ್ತಲೇ ನಾನೂ ಆ ಕಡೆ ನೋಡಿಬಿಡುತ್ತಿದ್ದೆ.

ಕೆಲವು ವರ್ಷಗಳ ನಂತರ ರಸ್ತೆ ಅಗಲವಾಯಿತು. ನಡುವೆ ಡಿವೈಡರ್, ಅಂಚಿಗೆ ಫುಟ್‌ಪಾತ್, ಬಸ್ಸಿಗೆ ಬೇರೆಯೇ ನಿಲ್ದಾಣ, ಹಂಪಿನ ಪಕ್ಕದಲ್ಲೇ ದಾಟಲು ಬಿಳಿ ಪಟ್ಟೆ. ಇದಕ್ಕಾಗಿಯೇ ಅಪ್ಪ ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿದ್ದ. ಆದರೆ ಹಂಪು ಕೀಳಲು ಜೆಸಿಬಿ ಬಂದ ದಿನ ಅವ್ವ ಅದರ ಮುಂದೆ ಹೋಗಿ ನಿಂತಳು.

"ಇದೊಂದು ಇರ್ಲಿ ಬಿಡ್ರಿ," ಎಂದಳು.

"ಅವ್ವಾರ, ಪಟ್ಟೆ ಹಾಕೇವ್ರಿ. ಇನ್ ಮ್ಯಾಲ ಯಾರಿಗೂ ಏನೂ ಆಗಂಗಿಲ್ರಿ," ಎಂದ ಸೂಪರ್‌ವೈಸರ್. ಅವನದೇನೂ ತಪ್ಪಿರಲಿಲ್ಲ. ಅಪ್ಪ ಅವ್ವನ ತೋಳು ಹಿಡಿದು ಒಳಗೆ ಕರೆತಂದ. ನೋಡನೋಡುತ್ತಲೇ ನೆಲ ಸಪಾಟಾಯಿತು.

ಮೊದಮೊದಲು ಹಳೆಯ ಡ್ರೈವರುಗಳು ಅಭ್ಯಾಸಬಲದಿಂದ ಅಲ್ಲಿ ಬ್ರೇಕ್ ಒತ್ತುತ್ತಿದ್ದರು. ಇಲ್ಲದ ಹಂಪಿಗೆ ಬಸ್ಸು ನಿಧಾನವಾದಾಗ ನಾನೂ ತಲೆಯೆತ್ತಿ ನೋಡುತ್ತಿದ್ದೆ. ಬರಬರುತ್ತ ಅವರೂ ಮರೆತರು. ಗಾಡಿಗಳು ಸುಂಯ್ ಎಂದು ಹೋಗತೊಡಗಿದವು. ಅವ್ವ ಮೆಣಸಿನಕಾಯಿಯ ಬುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಅಕ್ಕನನ್ನು ಎರಡನೆಯ ಸಲ ಕಳೆದುಕೊಂಡೆವೇನೋ ಎಂದು ನನಗೆ ಅಳು ಬರುತ್ತಿತ್ತು.

ಒಂದು ಸಂಜೆ ಅವ್ವ ಮನೆಯಲ್ಲಿರಲಿಲ್ಲ. ಹೊರಗೆ ಬಂದು ನೋಡಿದರೆ ಬಿಳಿ ಪಟ್ಟೆಯ ಮೇಲೆ ಕೈಯೆತ್ತಿ ರಸ್ತೆ ದಾಟುತ್ತಿದ್ದಳು. ಆಚೆ ಮುಟ್ಟಿದವಳೇ ತಿರುಗಿ ಈಚೆಗೆ ಬಂದಳು. ಮತ್ತೆ ಆಚೆಗೆ ಹೊರಟಳು. ನಾನು ಓಡಿಹೋಗಿ ಕೈ ಹಿಡಿದೆ.

"ಯವ್ವಾ, ಆ ಕಡೆ ಏನ್ ಕೆಲಸ ಐತಿ?"

"ಏನಿಲ್ಲವಾ."

ಸಾಲಾಗಿ ನಿಂತ ಗಾಡಿಗಳನ್ನು ಒಂದೊಂದಾಗಿ ನೋಡುತ್ತ ಬಂದಳು.

"ಲಾರೀನೂ ನಿಂತೈತಿ, ನೋಡು."