ಕೂಗು ಮೊದಲು, ಕೈ ಆಮೇಲೆ

ನಮ್ಮಕ್ಕನನ್ನು ಬೀದಿಯವರೆಲ್ಲ ಗಡಿಯಾರದಕ್ಕ ಎಂದೇ ಕರೆಯುತ್ತಿದ್ದರು. ಕುಲುಮೆಯಲ್ಲಿ ಭಾವ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು, ಏಟು ಎಲ್ಲಿ ಬೀಳಬೇಕೋ ಅಲ್ಲಿ ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟುತ್ತಿದ್ದರು. ಅದೇ ಜಾಗಕ್ಕೆ ಅಕ್ಕ ದೊಡ್ಡ ಸುತ್ತಿಗೆ ಇಳಿಸುತ್ತಿದ್ದಳು. ಟಿಣ್, ಧಣ್. ಟಿಣ್, ಧಣ್. ಇಪ್ಪತ್ತೆರಡು ವರ್ಷ ಆ ತಾಳ ತಪ್ಪಿದ್ದಿಲ್ಲ. ಗೋಡೆಯ ಈಚೆ ನನ್ನ ಹೊಲಿಗೆ ಅಂಗಡಿ; ನಾನು ಮೆಷಿನ್ ತುಳಿಯುತ್ತಿದ್ದುದೂ ಅದೇ ತಾಳಕ್ಕೆ. ಗಂಡ ಹೆಂಡತಿ ಜಗಳವಾಡಿದ ದಿನ ಮಾತು ನಿಲ್ಲುತ್ತಿತ್ತೇ ಹೊರತು ಸುತ್ತಿಗೆ ನಿಲ್ಲುತ್ತಿರಲಿಲ್ಲ. "ಭಾವನ ಮೇಲಿನ ಸಿಟ್ಟನ್ನೆಲ್ಲ ಕಬ್ಬಿಣದ ಮೇಲೆ ತೀರಿಸ್ಕೋತೀಯ" ಎಂದು ರೇಗಿಸಿದರೆ, "ಇಲ್ದಿದ್ರೆ ಅವರು ಇಷ್ಟು ದಿನ ಉಳೀತಿದ್ರಾ?" ಎನ್ನುತ್ತಿದ್ದಳು.

ಅಕ್ಕ ಮೂರು ವಾರ ಜ್ವರ ಹಿಡಿದು ಮಲಗಿ ಎದ್ದ ಮೇಲೆ ತಾಳ ಕೆಟ್ಟಿತು. ಟಿಣ್ ಆದ ಮೇಲೆ ಕೂದಲೆಳೆಯಷ್ಟು ಮೌನ, ಆಮೇಲೆ ಧಣ್. ಬೇರೆಯವರಿಗೆ ಅದು ತಿಳಿಯುತ್ತಿರಲಿಲ್ಲ, ನನ್ನ ಕಾಲಿಗೆ ತಿಳಿಯಿತು. ನಿಶ್ಶಕ್ತಿ ಇರಬೇಕು ಎಂದುಕೊಂಡು ಸುಮ್ಮನಾದೆ.

ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿದಳು.

"ನನ್ನೆದುರಿಗೆ ನಿಂತು ಒಂದು ಚಪ್ಪಾಳೆ ತಟ್ಟೇ."

"ತಲೆ ಕೆಟ್ಟಿದ್ಯಾ ನಿಂಗೆ?"

"ತಟ್ಟು ಅಂದೆ."

ತಟ್ಟಿದೆ. ಅಕ್ಕ ನನ್ನ ಕೈಗಳನ್ನೇ ನೋಡುತ್ತಿದ್ದಳು. "ಸದ್ದು ಬಂದಾಗ ನಿನ್ನ ಕೈಗಳ ಮಧ್ಯೆ ಇನ್ನೂ ಒಂದು ಗೇಣು ಜಾಗ ಇತ್ತು. ಅವು ಸೇರಿದ್ದು ಆಮೇಲೆ" ಎಂದಳು.

ದೂರದ ಮಿಂಚಿಗೆ ಗುಡುಗು ಹಿಂದೆ ಬೀಳುವುದು ಎಲ್ಲರಿಗೂ ಗೊತ್ತು. ಎದುರಿಗೇ ನಿಂತವಳ ಚಪ್ಪಾಳೆಯಲ್ಲಿ ಸದ್ದು ಮೊದಲು, ಕೈ ಆಮೇಲೆ ಎಂದರೆ?

"ಈಗ ನಾನು ಮಾತಾಡ್ತಿರೋದೂ ಹಾಗೇನಾ?"

"ಮಾತು ಬಂದ್ಮೇಲೆ ತುಟಿ ಅಲ್ಲಾಡತ್ತೆ. ನಿನ್ನ ಒಳಗೆ ಬೇರೆ ಯಾರೋ ಕೂತು ಮಾತಾಡಿದ ಹಾಗೆ. ನಿನ್ನ ಮುಖ ನೋಡೋಕೇ ಹೆದರಿಕೆ ಆಗತ್ತೆ ಕಣೆ."

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕಿವಿಯನ್ನೂ ನೋಡಿ, ಎರಡೂ ಚೆನ್ನಾಗಿವೆ ಎಂದು ಕಳಿಸಿದ್ದರಂತೆ. ಎರಡೂ ಚೆನ್ನಾಗೇ ಇದ್ದವು. ಒಂದಕ್ಕೊಂದು ಹೊಂದುತ್ತಿರಲಿಲ್ಲ, ಅಷ್ಟೇ. ನನಗೆ ತಟ್ಟನೆ ನೆನಪಾದದ್ದು ಭಾವನ ಎಡಗೈ. ದೊಡ್ಡ ಸುತ್ತಿಗೆ ಬೀಳುವ ಜಾಗದಿಂದ ಅದು ಎಷ್ಟು ದೂರವಿರುತ್ತದೆ ಎಂಬುದನ್ನು ನಾನು ದಿನಾ ನೋಡಿದವಳು.

"ಭಾವನಿಗೆ ಹೇಳೋಣ ಅಕ್ಕ."

"ಹೇಳಿದ್ರೆ ನಾಳೆಯಿಂದ ಸುತ್ತಿಗೆ ಮುಟ್ಟಿಸಲ್ಲ. ಮನೇಲಿ ಕೂತು ಗೋಡೆ ನೋಡ್ಲಾ? ಅದೂ ತಡವಾಗಿ ಕಾಣತ್ತೋ ಏನೋ." ತಾನೇ ನಕ್ಕಳು, ನನಗೆ ನಗು ಬರಲಿಲ್ಲ. "ಕಣ್ಣು ಸುಳ್ಳು ಹೇಳತ್ತೆ, ಕಿವಿ ಹೇಳಲ್ಲ. ಇನ್ಮೇಲೆ ಕಿವಿ ಮಾತು ಮಾತ್ರ ಕೇಳ್ತೀನಿ. ಅವರು ತಟ್ಟಿದ್ದು ಕೇಳಿಸಿದ ಕೂಡ್ಲೇ ಇಳಿಸ್ತೀನಿ. ಜಾಗ ನನ್ನ ಕೈಗೆ ಗೊತ್ತು." ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡೇ ಹೋದಳು.

ಮಾರನೆಯ ದಿನದಿಂದ ತಾಳ ಮತ್ತೆ ಸರಿಹೋಯಿತು. ನನಗೆ ಅದೇ ಹೆಚ್ಚು ಭಯ. ಪ್ರತಿ ಟಿಣ್‌ಗೂ ಉಸಿರು ಬಿಗಿಹಿಡಿಯುತ್ತಿದ್ದೆ, ಧಣ್ ಎಂದ ಮೇಲೆ ಕೂಗು ಕೇಳಿಸುತ್ತದೋ ಎಂದು ಕಾಯುತ್ತಿದ್ದೆ. ದಿನಕ್ಕೆ ಎಷ್ಟು ನೂರು ಏಟೋ, ಅಷ್ಟು ನೂರು ಸಲ. ಒಂದು ಅಂಗಿಗೆ ಎರಡೂ ಎಡತೋಳುಗಳನ್ನೇ ಹೊಲಿದು ಗಿರಾಕಿಯಿಂದ ಬೈಸಿಕೊಂಡೆ. "ಏನಮ್ಮಾ, ನಿನ್ನ ಮೆಷಿನ್‌ಗೂ ಜ್ವರ ಬಂತಾ?" ಎಂದು ಭಾವ ತಮಾಷೆ ಮಾಡಿದಾಗ ಅವರ ಮುಖ ಬಿಟ್ಟು ಬೆರಳುಗಳನ್ನು ನೋಡುತ್ತಾ ನಿಂತೆ. ಎರಡು ಸಲ ಹೇಳಲೆಂದೇ ಕುಲುಮೆಯ ಹೊಸ್ತಿಲವರೆಗೆ ಹೋದೆ. ಅಕ್ಕ ತಲೆಯೆತ್ತಿ ಒಂದು ನೋಟ ನೋಡಿದಳು, ಹಾಗೇ ಹಿಂದಿರುಗಿದೆ. ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಒಂದು ಬೆಳಿಗ್ಗೆ ಒಬ್ಬ ಗಿರಾಕಿ ಹಾರೆ ಕೊಳ್ಳಲು ಬಂದಿದ್ದ. ಭಾವ ಕಾದ ಪಟ್ಟಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು, ತೂತು ಹೊಡೆಯುವ ಉಳಿಯನ್ನು ಎಡಗೈಯಲ್ಲಿ ಹಿಡಿದು ಜಾಗ ನೋಡುತ್ತಿದ್ದರು. ಅಕ್ಕ ಸುತ್ತಿಗೆ ಎತ್ತಿ ಭಾವನ ಟಿಣ್‌ಗೆ ಕಾಯುತ್ತಿದ್ದಳು. ಒಳಗೆ ಬಿರುಕಿದೆಯೋ ಎಂದು ಕಬ್ಬಿಣವನ್ನು ತಟ್ಟಿ ನೋಡುವುದು ಕೊಳ್ಳುವವರೆಲ್ಲರ ಅಭ್ಯಾಸ. ಆತನೂ ಒಂದು ಕಬ್ಬಿಣದ ತುಂಡು ಎತ್ತಿಕೊಂಡು ಹಾರೆಗೆ ತಟ್ಟಿದ.

ಟಿಣ್.

ಗೋಡೆಯ ಈಚೆ ನನಗೆ ಗೊತ್ತಾಯಿತು. ಅದು ಭಾವನ ಕೈಯ ಸದ್ದಲ್ಲ, ಬಾಗಿಲ ಕಡೆಯಿಂದ ಬಂದದ್ದು. "ಅಕ್ಕಾ" ಎಂದು ಬಾಯಿ ತೆರೆಯುವಷ್ಟರಲ್ಲಿ ಸುತ್ತಿಗೆ ಬಿದ್ದಿತ್ತು. ಧಣ್ ಎನ್ನಲಿಲ್ಲ. ಮೆತ್ತಗೆ ಬಿತ್ತು. ಆಮೇಲೆ ಭಾವನ ಕೂಗು.

ಮೂರು ಬೆರಳು ಹೋದವು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಯಾರದೇನು ತಪ್ಪು ಎಂದು ಬೀದಿಯವರು ಸಮಾಧಾನ ಹೇಳಿದರು. ಬೇರೆ ಯಾರೇ ಆಗಿದ್ದರೂ ಆ ಸದ್ದಿಗೆ ಒಮ್ಮೆ ಭಾವನ ಕಡೆ ನೋಡಿ, ಅವರು ತಟ್ಟಿಲ್ಲವೆಂದು ತಿಳಿದು ಕೈ ತಡೆಯುತ್ತಿದ್ದರು. ಕಣ್ಣನ್ನು ನಂಬಬಾರದೆಂದು ಅಕ್ಕ ತನಗೆ ತಾನೇ ಕಲಿಸಿಕೊಂಡಿದ್ದಳು. ಅದು ನನ್ನೊಬ್ಬಳಿಗೇ ಗೊತ್ತಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ನನ್ನ ಕೈ ಹಿಡಿದು ಕೂತಿದ್ದಳು.

"ಅವರು ಕೂಗಿದ್ದು ಕೇಳಿಸ್ತು. ಆಗ ನನ್ನ ಕಣ್ಣಿಗೆ ಸುತ್ತಿಗೆ ಇನ್ನೂ ಮೇಲೇ ಇತ್ತು ಕಣೆ. ಕೆಳಗೆ ಅವರ ಕೈ. ಐದೂ ಬೆರಳು ಇದ್ವು. ತಡೀಬಹುದು ಅನ್ನಿಸ್ತು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಡೆದೆ. ಆದ್ರೂ ಅದು ಇಳೀತಾನೇ ಇತ್ತು."

ಒಳಗಿನಿಂದ ಭಾವ ಕರೆದರು. ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ನೀನೇ ಹೋಗು" ಎಂದಳು.

ಹೋದೆ. ಬಿಳಿ ಬಟ್ಟೆ ಸುತ್ತಿದ ಕೈ ದಿಂಬಿನ ಮೇಲಿತ್ತು. ಭಾವ ಕೇಳಿದರು.

"ನಿಮ್ಮಕ್ಕನಿಗೆ ಏನೋ ಆಗಿದೆ. ನಿಂಗೆ ಗೊತ್ತಿತ್ತಾ?"

ಅವರ ತುಟಿ, ಅವರ ಮಾತು ಎರಡೂ ಒಟ್ಟಿಗೇ ಬಂದವು. ಗೊತ್ತಿತ್ತು ಭಾವ, ಎಂದೆ.