ಶನಿವಾರದ ಅರ್ಥಧಾರಿ

ಮುಂಬಯಿ ಪಕ್ಕದ ಕಲ್ಯಾಣದ ಆ ಪುಟ್ಟ ಶನಿ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಗ್ರಂಥ ಪಾರಾಯಣ. ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ಜಯಶೀಲರು ಪದ್ಯ ಓದಬೇಕು, ಪಕ್ಕದಲ್ಲಿ ಕೂತ ಹರಿಶ್ಚಂದ್ರಣ್ಣ ಅದರ ಅರ್ಥ ಹೇಳಬೇಕು. ಒಬ್ಬರು ನಿಲ್ಲಿಸಿದಲ್ಲಿ ಇನ್ನೊಬ್ಬರು ಎತ್ತಿಕೊಳ್ಳುವುದು. ವರ್ಷಗಟ್ಟಲೆ ಹಾಗೆಯೇ ನಡೆದು ಬಂದಿತ್ತು. ಹೋಟೆಲಿನ ಗಲ್ಲೆಯಲ್ಲಿ ಕೂತು ದುಡ್ಡು ಎಣಿಸುತ್ತ ಆಯುಷ್ಯ ಸವೆಸಿದ ಹರಿಶ್ಚಂದ್ರಣ್ಣನಿಗೆ ಮಕ್ಕಳಿಲ್ಲ. ಹೆಂಡತಿ ಸುಂದರಿ ತೀರಿಕೊಂಡ ಮೇಲೆ ಅವರು ಬಾಯ್ತುಂಬ ಮಾತಾಡುತ್ತಿದ್ದದ್ದು ಆ ಒಂದು ಸಂಜೆ ಮಾತ್ರ. ಉಳಿದ ದಿನ ಮನೆಯಲ್ಲಿ ಟಿವಿ ಮಾತಾಡುತ್ತಿತ್ತು, ಇವರು ಕೇಳುತ್ತಿದ್ದರು.

ಅಷ್ಟರಲ್ಲಿ ಪಾಲಿಕೆ ಚುನಾವಣೆ ಬಂತು. ಹರಿಶ್ಚಂದ್ರಣ್ಣನ ಬಿಲ್ಡಿಂಗಿನ ಹಿಂದೆಯೇ ಪಾಲಿಕೆಯ ಕನ್ನಡ ಶಾಲೆ. ಬೆರಳೆಣಿಕೆಯ ಮಕ್ಕಳು, ಒಬ್ಬರೇ ಟೀಚರ್. ಒಬ್ಬ ಅಭ್ಯರ್ಥಿ ಶಾಲೆಯನ್ನು ಹೊಸದಾಗಿ ಕಟ್ಟಿಸುತ್ತೇನೆಂದ. ಇನ್ನೊಬ್ಬ ಮಕ್ಕಳನ್ನು ಪಕ್ಕದ ವಾರ್ಡಿನ ಶಾಲೆಗೆ ಕಳಿಸಿ ಈ ಜಾಗದಲ್ಲಿ ದವಾಖಾನೆ ತೆರೆಯುತ್ತೇನೆಂದ. ಸಂಘದವರಿಗೆ ಕನ್ನಡಾಭಿಮಾನ ಉಕ್ಕಿ ಬಂತು. ಅವರಲ್ಲಿ ಯಾರ ಮೊಮ್ಮಕ್ಕಳೂ ಆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆ ಮಾತು ಬೇರೆ.

"ಹರಿಯಣ್ಣ, ನೀವು ಅದೇ ಶಾಲೆಯಲ್ಲಿ ಕಲಿತವ್ರು. ಶಾಲೆ ಉಳಿಸ್ಲಿಕ್ಕೆ ಸಭೆ ಉಂಟು, ಅದ್ರಲ್ಲಿ ನೀವೇ ಮಾತಾಡ್ಬೇಕು ಮಾರಾಯ್ರೆ," ಎಂದರು ಜಯಶೀಲರು.

ಹರಿಶ್ಚಂದ್ರಣ್ಣ ಖುಷಿಯಿಂದಲೇ ಒಪ್ಪಿದರು. ಅರ್ಥ ಹೇಳುವ ಕನ್ನಡ ಅವರಿಗೆ ಸಿಕ್ಕಿದ್ದು ಆ ಶಾಲೆಯಿಂದಲೇ. ಆದರೆ ಮೈಕ್ ಹಿಡಿದಾಗ ಸುಂದರಿ ನೆನಪಾದಳು. ಉಬ್ಬಸ ಜೋರಾದ ಒಂದು ಮಧ್ಯಾಹ್ನ ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ದೂರದ ಆಸ್ಪತ್ರೆಗೆ ಹೊರಟಿದ್ದರು. ಸೇತುವೆಯ ಮೇಲೆ ಟ್ರಾಫಿಕ್ ಅಲುಗಾಡಲಿಲ್ಲ. ಅವಳು ಅವರ ಹೆಗಲ ಮೇಲೆ ತಲೆಯಿಟ್ಟವಳು ಮತ್ತೆ ಎತ್ತಲಿಲ್ಲ.

"ಶಾಲೆ ನಂದೇ," ಎಂದರು. "ಆದ್ರೆ ನಮ್ಮವ್ರ ಮಕ್ಕಳೇ ಅಲ್ಲಿಗೆ ಹೋಗುದಿಲ್ಲ. ಹತ್ರ ಒಂದು ದವಾಖಾನೆ ಇದ್ದಿದ್ರೆ ನನ್ನ ಸುಂದರಿ ಇರ್ತಿದ್ಲು. ನಂಗೆ ದವಾಖಾನೆಯೇ ಬೇಕು."

ಚಪ್ಪಾಳೆ ಬೀಳಲಿಲ್ಲ. ಉಂಡ ಮನೆಗೆ ಎರಡು ಬಗೆದರು ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು.

ಮುಂದಿನ ಶನಿವಾರ ಅವರ ಮಣೆಯ ಮೇಲೆ ಸಂಘದ ಶೈಲೇಶ್ ಕೂತಿದ್ದ. "ಅರ್ಥ ಹೇಳ್ಲಿಕ್ಕೆ ಇವ್ನು ಉಂಟಲ್ಲ, ನೀವು ರೆಸ್ಟ್ ತಗೊಳ್ಳಿ," ಎಂದರು ಜಯಶೀಲರು, ಮುಖ ನೋಡದೆ. ನಾಲ್ಕು ಬೈಗುಳ ಬೈದಿದ್ದರೂ ಎಷ್ಟೋ ವಾಸಿಯಿತ್ತು. ಹರಿಶ್ಚಂದ್ರಣ್ಣ ಹಿಂದೆ ಗೋಡೆಗೆ ಒರಗಿ ಕೂತರು. ಜಯಶೀಲರು ಪದ್ಯ ನಿಲ್ಲಿಸಿದಾಗಲೆಲ್ಲ ಇವರ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಇವರು ಅದನ್ನು ಮುಚ್ಚಿಕೊಳ್ಳುತ್ತಿದ್ದರು. ಆ ಸಂಕಟ ತಡೆಯಲಾಗದೆ ಮಂದಿರಕ್ಕೆ ಹೋಗುವುದನ್ನೇ ಬಿಟ್ಟರು.

ದವಾಖಾನೆಯ ಅಭ್ಯರ್ಥಿ ಗೆದ್ದ, ಹೇಳಿದಂತೆ ದವಾಖಾನೆಯೂ ಬಂತು. ಒಂದು ಬೆಳಿಗ್ಗೆ ತಲೆ ಸುತ್ತಿ ಬಂದು ಹರಿಶ್ಚಂದ್ರಣ್ಣ ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋದರು. ಬೆಂಚಿನ ಮೇಲೆ ಜಯಶೀಲರು ಹೆಂಡತಿಯ ಜೊತೆ ಕೂತಿದ್ದರು, ಕೈಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ. ಕಣ್ಣು ಕಣ್ಣು ಕೂಡಿತು. ಜಯಶೀಲರು ಮಾತ್ರೆಯ ಚೀಟಿ ಓದತೊಡಗಿದರು.

ನರ್ಸ್ ಹುಡುಗಿ ಬಿ.ಪಿ. ನೋಡಿ ಗಾಬರಿಯಾದಳು. ಒಬ್ಬರನ್ನೇ ಬಿಡುವಂತಿಲ್ಲ ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಕೇಳಿದಳು, "ಕಾಕಾ, ಸೋಬತ್ ಕೋಣ್ ಆಹೆ?" ಜೊತೆಗೆ ಯಾರಿದ್ದಾರೆ?

ಹರಿಶ್ಚಂದ್ರಣ್ಣ ಬೆಂಚಿನ ಕಡೆ ನೋಡಿದರು. ಹಿಂದೆ ಪದ್ಯ ನಿಲ್ಲುವುದನ್ನು ಕಾಯುತ್ತಿದ್ದಂತೆಯೇ ಒಂದು ಗಳಿಗೆ ಕಾದರು. ಜಯಶೀಲರು ತಲೆ ಎತ್ತಲಿಲ್ಲ.

"ಕೋಣೀ ನಾಹೀ," ಎಂದರು ಹರಿಶ್ಚಂದ್ರಣ್ಣ. ಯಾರೂ ಇಲ್ಲ.